ಇಡೀ ಮನೆಗೆ ಒಂದೇ ಇನ್‌ಬಾಕ್ಸ್: ಫೋನಿನಲ್ಲೇ ಕೂತು ಖಾಲಿ ಮಾಡಿದ ಅನುಭವ

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಶಾಲೆಯಲ್ಲಿ ಬಿಸಿಯೂಟ ಮುಗಿದು ಮಕ್ಕಳು ತಟ್ಟೆ ತೊಳೆಯುತ್ತಿದ್ದರು. ಮಗ ಆಗಷ್ಟೇ ಸೇರಿದ್ದ ಕಾಲೇಜಿನ ಆಫೀಸಿನಿಂದ ಫೋನ್ ಬಂತು. "ಮೇಡಂ, ಫೀಸಿನ ಬಗ್ಗೆ ನಿಮಗೆ ಮೂರು ಸಲ ಮೇಲ್ ಕಳಿಸಿದೀವಿ. ಮೂರು ಸಲವೂ ವಾಪಸ್ ಬಂದಿದೆ. ನಿಮ್ಮ ಇನ್‌ಬಾಕ್ಸ್‌ನಲ್ಲಿ ಜಾಗ ಇಲ್ಲವಂತೆ. ನಾಳೆ ಸಂಜೆ ಕೊನೆ ದಿನ ನೋಡಿ."

ಎದೆ ಧಸಕ್ ಅಂತು. ಮರುದಿನ ನಮ್ಮನೆಯವರು ಅರ್ಧ ದಿನ ರಜೆ ಹಾಕಿ, ಹೋಗಿ ಫೀಸು ಕಟ್ಟಿ ಬಂದರು. ಅದೇನೋ ಮುಗಿಯಿತು. ಆದರೆ ಆ ಮೂರು ಮೇಲ್ ವಾಪಸ್ ಹೋಗಿವೆ ಅಂದ ಮೇಲೆ ಇನ್ನೂ ಎಷ್ಟು ಹೋಗಿರಬಹುದು, ಯಾರು ಏನು ಕಳಿಸಿರಬಹುದು ಅಂತ ರಾತ್ರಿಯೆಲ್ಲ ತಲೆ ತಿಂತು. ವಾಪಸ್ ಹೋದ ಮೇಲ್ ಬಗ್ಗೆ ಕಳಿಸಿದವರಿಗೆ ಗೊತ್ತಾಗುತ್ತೆ, ನಮಗೆ ಗೊತ್ತಾಗಲ್ಲ. ನಮಗೆ ಗೊತ್ತಾಗೋದು ಹೀಗೆ ಯಾರಾದರೂ ಪುಣ್ಯಾತ್ಮರು ಫೋನ್ ಮಾಡಿದರೆ ಮಾತ್ರ.

ಫೋನಿನಲ್ಲಿ "ಸ್ಟೋರೇಜ್ ತುಂಬುತ್ತಿದೆ" ಅಂತ ಎಷ್ಟೋ ತಿಂಗಳಿಂದ ಬರುತ್ತಿತ್ತು. ನಾನು ಅದನ್ನು ಫೋನ್ ಮೆಮೊರಿ ಅಂದುಕೊಂಡು ಒಂದಷ್ಟು ವಿಡಿಯೊ ಅಳಿಸಿ ಸುಮ್ಮನಾಗುತ್ತಿದ್ದೆ. ಎರಡೂ ಬೇರೆ ಬೇರೆ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿದಾಗ ಇನ್ನೂ ಇಬ್ಬರು ಹಾಗೇ ಅಂದುಕೊಂಡಿದ್ದರು. ಫೋನ್ ಒಳಗಿನ ಜಾಗ ನಮ್ಮ ಕೈಲಿರುವ ಫೋನಿನದ್ದು. ಇಮೇಲ್ ಜಾಗ ಅಕೌಂಟಿನದ್ದು. ಹೊಸ ಫೋನ್ ತಗೊಂಡರೂ ಅದು ತುಂಬಿಯೇ ಇರುತ್ತೆ.

ನಮ್ಮ ಮನೆಯ ಸಂಗತಿ ಸ್ವಲ್ಪ ಹೇಳಬೇಕು. ನನ್ನ ಜೀಮೇಲ್ ಅಕೌಂಟ್ 2009ರದ್ದು. ಬಿ.ಎಡ್. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುವಾಗ ದಾವಣಗೆರೆಯ ಒಂದು ಸೈಬರ್ ಸೆಂಟರಿನಲ್ಲಿ ಮಾಡಿಸಿದ್ದು. ಮನೆಯಲ್ಲಿ ಮೊದಲು ಇಮೇಲ್ ಐಡಿ ಮಾಡಿಸಿದವಳು ನಾನೇ. ಆಮೇಲೆ ಯಾರಿಗೆ ಎಲ್ಲಿ ಇಮೇಲ್ ಬೇಕಾದರೂ ನನ್ನದೇ. ಮಾವನವರ ಪೆನ್ಶನ್, ಅತ್ತೆಯವರ ಬ್ಯಾಂಕ್ ಖಾತೆ, ಇವರ ಇನ್ಶೂರೆನ್ಸ್, ಗ್ಯಾಸ್ ಬುಕಿಂಗ್, ಮಗನ ಸಿಇಟಿ, ಪಕ್ಕದ ಮನೆಯವರ ರೈಲು ಟಿಕೆಟ್, ನಾದಿನಿಗೆ ಗಂಡು ಹುಡುಕಲು ಮ್ಯಾಟ್ರಿಮೊನಿಯಲ್ಲಿ ಹಾಕಿದ ಪ್ರೊಫೈಲ್, ಎಲ್ಲಕ್ಕೂ ಒಂದೇ ವಿಳಾಸ. ಯಾರೂ ಕೇಳಿ ಕೊಟ್ಟಿದ್ದಲ್ಲ, ನಾನೂ ಬೇಡ ಅಂದಿದ್ದಲ್ಲ. ಹಾಗೇ ನಡೆದುಕೊಂಡು ಬಂತು.

ನಮ್ಮನೆಯವರು ಸುಲಭದ ದಾರಿ ಹೇಳಿದರು. "ತಿಂಗಳಿಗೆ 130 ರೂಪಾಯಿ ಕಟ್ಟಿದ್ರೆ 100 ಜಿಬಿ ಕೊಡ್ತಾರಂತೆ, ಕಟ್ಟಿಬಿಡು, ತಲೆನೋವು ಹೋಗುತ್ತೆ." ಕಟ್ಟಬಹುದಿತ್ತು. ಯಾರಾದರೂ ಕಟ್ಟಿದರೆ ತಪ್ಪು ಅಂತಲೂ ಹೇಳಲ್ಲ. ನನಗೆ ಮಾತ್ರ ಮನಸ್ಸು ಬರಲಿಲ್ಲ. ಒಳಗೆ ಏನಿದೆ ಅಂತಲೇ ಗೊತ್ತಿಲ್ಲದ ಕೋಣೆಗೆ ಬಾಡಿಗೆ ಕಟ್ಟುವುದು ಯಾಕೆ? ಮೊದಲು ಬಾಗಿಲು ತೆಗೆದು ನೋಡೋಣ ಅನಿಸಿತು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಶಾಲೆಯ ಕಂಪ್ಯೂಟರ್ ಮಕ್ಕಳ ದಾಖಲಾತಿ ಕೆಲಸಕ್ಕೇ ಸಾಲಲ್ಲ. ಮಗನ ಕೈಗೆ ಕೊಟ್ಟರೆ ಅವನು ಒಂದು ಗಂಟೆಯಲ್ಲಿ ಎಲ್ಲ ಅಳಿಸಿ ಕೊಡುತ್ತಿದ್ದ, ಆದರೆ ಯಾವುದು ಯಾರಿಗೆ ಬೇಕು ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಫೋನಿನಲ್ಲೇ, ನಾನೇ. ದಾವಣಗೆರೆಯಿಂದ ಹರಿಹರದ ಹತ್ತಿರದ ನಮ್ಮ ಶಾಲೆಗೆ ಬಸ್ಸಿನಲ್ಲಿ ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ. ಕಿಟಕಿ ಪಕ್ಕ ಸೀಟು ಸಿಕ್ಕರೆ ಕೆಲಸ ಆಗುತ್ತೆ.

ಮೊದಲ ದಿನ ರಾತ್ರಿ ತಪ್ಪು ದಾರಿಯಲ್ಲಿ ಶುರು ಮಾಡಿದೆ. ಮೇಲಿನಿಂದ ಒಂದೊಂದೇ ಮೇಲ್ ಒತ್ತಿ ಹಿಡಿದು, ಆರಿಸಿ, ಅಳಿಸುತ್ತಾ ಹೋದೆ. ಮುಕ್ಕಾಲು ಗಂಟೆಯಲ್ಲಿ ಸುಮಾರು ನಾನೂರು ಹೋಯಿತು. ಹೆಬ್ಬೆರಳು ನೋಯತೊಡಗಿತು. ಸ್ಟೋರೇಜ್ ನೋಡಿದರೆ ಎಲ್ಲಿತ್ತೋ ಅಲ್ಲೇ ಇದೆ, 15 ಜಿಬಿಗೆ 15 ಜಿಬಿ. ಅಳು ಬಂದ ಹಾಗಾಯಿತು.

ಮಗ ಪಕ್ಕದಲ್ಲಿ ಕೂತು ವಿವರಿಸಿದ. ಒಂದು ಜಾಹೀರಾತು ಮೇಲ್ ತುಂಬಾ ಹಗುರ, ನಾನೂರು ಸೇರಿದರೂ ಒಂದೆರಡು ದೊಡ್ಡ ಫೈಲಿನಷ್ಟು ಆಗಲ್ಲ. ಅಳಿಸಿದ್ದು ಟ್ರ್ಯಾಶ್‌ಗೆ ಹೋಗುತ್ತೆ, ಅಲ್ಲಿ 30 ದಿನ ಇರುತ್ತೆ, ಇರುವಷ್ಟು ದಿನವೂ ನಮ್ಮ ಲೆಕ್ಕದಲ್ಲೇ ಇರುತ್ತೆ. ಟ್ರ್ಯಾಶ್ ಖಾಲಿ ಮಾಡಿದ ಮೇಲೂ ಲೆಕ್ಕ ಸರಿಯಾಗಲು ಕೆಲವು ಸಲ ಒಂದು ದಿನ ಬೇಕು. ಇನ್ನೊಂದು ಮಾತು ಕೇಳಿ ಬೆಚ್ಚಿಬಿದ್ದೆ. ನಾನು ವರ್ಷಗಟ್ಟಲೆ ಬೇಡದ ಮೇಲ್‌ಗಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಿದ್ದೆನಲ್ಲ, ಅದು ಅಳಿಸುವುದಲ್ಲವಂತೆ. ಅದು ಆರ್ಕೈವ್. ಕಣ್ಣಿಗೆ ಕಾಣಲ್ಲ ಅಷ್ಟೇ, ಆಲ್ ಮೇಲ್ ಅನ್ನುವ ಕಡೆ ಹೋಗಿ ಕೂತಿರುತ್ತೆ. ಹೋಗಿ ನೋಡಿದೆ. ಎಲ್ಲ ಅಲ್ಲೇ ಇತ್ತು. 2018ರ ದೀಪಾವಳಿ ಸೀರೆ ಜಾಹೀರಾತು ಕೂಡ.

ಆ ರಾತ್ರಿಯೇ ಸೆಟ್ಟಿಂಗ್ಸ್‌ನಲ್ಲಿ ಸ್ವೈಪ್ ಅನ್ನುವುದನ್ನು ಹುಡುಕಿ, ಪಕ್ಕಕ್ಕೆ ಸರಿಸಿದರೆ ಆರ್ಕೈವ್ ಬದಲು ಡಿಲೀಟ್ ಆಗುವ ಹಾಗೆ ಮಾಡಿದೆ. ಇದೊಂದು ಮಾಡಿ ಸಾಕು, ಬೇರೇನೂ ಮಾಡದಿದ್ದರೂ ಪರವಾಗಿಲ್ಲ ಅಂತ ನಾನು ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಆ್ಯಪ್‌ನಲ್ಲಿ ಮೇಲೆ ಬಲಗಡೆ ನಮ್ಮ ಹೆಸರಿನ ಗುಂಡು ಇರುತ್ತಲ್ಲ, ಅದನ್ನು ಒತ್ತಿದರೆ ಎಷ್ಟು ಜಾಗ ತುಂಬಿದೆ ಅಂತ ತೋರಿಸುತ್ತೆ. ಒಳಗೆ ಹೋದರೆ ಯಾವುದಕ್ಕೆ ಎಷ್ಟು ಅಂತ ಬೇರೆ ಬೇರೆ ಕೊಡುತ್ತೆ. ನನ್ನದರಲ್ಲಿ ಜೀಮೇಲ್ 6.8 ಜಿಬಿ, ಫೋಟೋಸ್ 5.1, ಡ್ರೈವ್ (ಗೂಗಲ್‌ನಲ್ಲಿ ಫೈಲು ಇಡುವ ಜಾಗ) ಮತ್ತು ವಾಟ್ಸಾಪ್ ಬ್ಯಾಕಪ್ ಸೇರಿ 3.1. ಅಂದರೆ ಅರ್ಧಕ್ಕಿಂತ ಜಾಸ್ತಿ ಇಮೇಲೇ ಅಲ್ಲ! ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ತುಂಬಿತು ಅನ್ನುವುದಕ್ಕೂ ಉತ್ತರ ಅಲ್ಲೇ ಇತ್ತು. ಜೀಮೇಲ್ 2004ರಲ್ಲಿ ಶುರುವಾದಾಗ 1 ಜಿಬಿ ಕೊಟ್ಟಿದ್ದೇ ದೊಡ್ಡ ಸುದ್ದಿಯಾಗಿತ್ತು. 2013ರಿಂದ ಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ 15 ಜಿಬಿ. 2021ರ ಜೂನ್‌ವರೆಗೆ ಫೋಟೋಗಳನ್ನು ಸ್ವಲ್ಪ ಚಿಕ್ಕದು ಮಾಡಿ ಇಟ್ಟರೆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಆಮೇಲೆ ಹಿಡಿಯತೊಡಗಿದರು. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ 2024ರ ಹೊತ್ತಿಗೆ ಇದೇ ಲೆಕ್ಕಕ್ಕೆ ಬಂದು ಸೇರಿತು. ನಾನು ಏನೂ ಜಾಸ್ತಿ ಮಾಡಿರಲಿಲ್ಲ. ಒಂದೇ ಪಾತ್ರೆಗೆ ಮೂರು ನಲ್ಲಿ ಬಿಟ್ಟ ಹಾಗಾಗಿತ್ತು.

ಹಾಗಾಗಿ ಮೊದಲ ಪರಿಹಾರ ಇಮೇಲ್‌ನಿಂದ ಬರಲೇ ಇಲ್ಲ. ವಾಟ್ಸಾಪ್ ಸೆಟ್ಟಿಂಗ್ಸ್‌ನ ಚಾಟ್ ಬ್ಯಾಕಪ್‌ನಲ್ಲಿ "ವಿಡಿಯೊಗಳನ್ನೂ ಸೇರಿಸಿ" ಅನ್ನುವುದನ್ನು ಮಗ ಆಫ್ ಮಾಡಿ, ಹೊಸದಾಗಿ ಒಂದು ಬ್ಯಾಕಪ್ ತೆಗೆದ. ಮದುವೆ ಗುಂಪು, ಓಣಿ ಗುಂಪು, ಶುಭೋದಯದ ವಿಡಿಯೊಗಳೆಲ್ಲ ಸೇರಿ 1.6 ಜಿಬಿ ಇತ್ತು. ಬೆಳಿಗ್ಗೆ ಏಳುವ ಹೊತ್ತಿಗೆ ಮೇಲ್ ಬರತೊಡಗಿದವು. ಉಸಿರು ಬಂತು. ತುರ್ತು ಇದ್ದವರು ಇಲ್ಲಿಂದಲೇ ಶುರು ಮಾಡಬಹುದು.

ಆಮೇಲೆ ನಿಧಾನಕ್ಕೆ ಮೇಲ್‌ಗಳ ಕಡೆ ತಿರುಗಿದೆ. ಈ ಸಲ ಬುದ್ಧಿ ಬಂದಿತ್ತು, ಭಾರ ಇರುವುದನ್ನು ಮೊದಲು ಹುಡುಕಿದೆ. ಹುಡುಕುವ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಲಾರ್ಜರ್ ಅಂತ ಬರೆದು, ಜಾಗ ಬಿಡದೆ ಎರಡು ಚುಕ್ಕಿ ಒಂದರ ಮೇಲೊಂದು ಬರುವ ಕೋಲನ್ ಇಟ್ಟು, ಪಕ್ಕದಲ್ಲೇ 10 ಮತ್ತು ಎಂ ಬರೆದರೆ 10 ಎಂಬಿಗಿಂತ ದೊಡ್ಡ ಮೇಲ್‌ಗಳು ಮಾತ್ರ ಬರುತ್ತವೆ. ಇನ್ನೂರ ಹತ್ತರಷ್ಟು ಇದ್ದವು. ಲೆಕ್ಕ ಹಾಕಿದರೆ 3.4 ಜಿಬಿ. ಸಾವಿರಾರು ಮೇಲ್ ಇರುವ ಇನ್‌ಬಾಕ್ಸ್‌ನಲ್ಲಿ ಅರ್ಧ ಭಾರ ಬರೀ ಇನ್ನೂರ ಹತ್ತು ಮೇಲ್‌ನದ್ದು!

ಏನಿತ್ತು ಅಂದರೆ, ತರಬೇತಿಯ ಕೈಪಿಡಿಗಳು, ಸ್ಕ್ಯಾನ್ ಮಾಡಿದ ಪ್ರಶ್ನೆಪತ್ರಿಕೆಗಳು, ಶಾಲಾ ವಾರ್ಷಿಕೋತ್ಸವದ ವಿಡಿಯೊ ತುಂಡುಗಳು. ಒಂದೇ ಕೈಪಿಡಿ ಐದು ಜನ ಐದು ಸಲ ಕಳಿಸಿದ್ದರು. ಅವನ್ನೆಲ್ಲ ಎರಡನೇ ಯೋಚನೆ ಇಲ್ಲದೆ ತೆಗೆದೆ. ಆಮೇಲೆ ಸಿಕ್ಕಿದ್ದು ನಾದಿನಿಯ ಮದುವೆ ಫೋಟೋ.

2016ರಲ್ಲಿ ಫೋಟೋಗ್ರಾಫರ್ ಹನ್ನೊಂದು ಮೇಲ್‌ನಲ್ಲಿ ಕಳಿಸಿದ್ದ. ಒಂದು ಮೇಲ್‌ಗೆ 25 ಎಂಬಿ ಮಾತ್ರ ಹಾಕಲು ಆಗೋದರಿಂದ ಅಷ್ಟಷ್ಟೇ ಕಟ್ಟು ಕಟ್ಟಿ ಕಳಿಸಿದ್ದಾನೆ, ಪಾಪ. ಅರಿಶಿನ, ಧಾರೆ, ಮಾವನವರು ಕಣ್ಣೊರೆಸಿಕೊಳ್ಳುತ್ತಿರುವುದು, ಎಲ್ಲ ಇದೆ. ನಾದಿನಿ ಬೆಳಗಾವಿಯಲ್ಲಿದ್ದಾಳೆ. ಅಳಿಸುವ ಮುಂಚೆ ಕೇಳೋಣ ಅಂತ ಫೋನ್ ಮಾಡಿದೆ. "ಅತ್ತಿಗೆ, ಅಳಿಸಬೇಡಿ! ನಮ್ಮ ಹಾರ್ಡ್ ಡಿಸ್ಕ್ ಕೆಟ್ಟು ಎರಡು ವರ್ಷ ಆಯ್ತು. ಆಲ್ಬಮ್‌ನಲ್ಲಿ ಇರೋದು ಬಿಟ್ರೆ ನಮ್ಮ ಹತ್ರ ಒಂದೂ ಇಲ್ಲ." ಕೇಳದೆ ಅಳಿಸಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತೆ.

ಫೋನಿನಲ್ಲಿ ಇಷ್ಟು ದೊಡ್ಡದನ್ನು ಇಳಿಸಿಕೊಳ್ಳುವುದು ಸುಲಭವಲ್ಲ. ಫೋನಿನ ಒಳಗೂ ಜಾಗ ಇರಲಿಲ್ಲವಲ್ಲ. ಫೋನಿಗೆ ಸಿಕ್ಕಿಸುವ ಓಟಿಜಿ ಪೆನ್‌ಡ್ರೈವ್ ಒಂದು ತಂದೆ. ಎರಡು ಮೇಲ್‌ನ ಫೈಲು ಇಳಿಸುವುದು, ಪೆನ್‌ಡ್ರೈವ್‌ಗೆ ಸಾಗಿಸುವುದು, ಅಲ್ಲಿಂದ ತೆರೆದು ನೋಡುವುದು, ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆ ಫೋನಿಂದಲೂ ಮೇಲ್‌ನಿಂದಲೂ ತೆಗೆಯುವುದು. ಹನ್ನೊಂದು ಮೇಲ್‌ಗೆ ಒಂದು ಇಡೀ ಭಾನುವಾರ ಹೋಯಿತು. ಅತ್ತೆ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ಒಂದೊಂದು ಫೋಟೋ ನೋಡಿದರು. ಹೋಗಿಬಿಟ್ಟವರು ಇಬ್ಬರು ಮೂವರು ಅದರಲ್ಲಿದ್ದರು. ಕೆಲಸ ನಿಧಾನವಾಯಿತು, ಆದರೆ ಆ ಭಾನುವಾರ ಬೇಸರವಾಗಲಿಲ್ಲ.

ನಾದಿನಿಯದ್ದೇ ಇನ್ನೊಂದು ವಿಷಯ ಬಾಕಿ ಇತ್ತು. ಅವಳ ಮದುವೆಯಾಗಿ ಒಂಬತ್ತು ವರ್ಷ, ಒಂದು ಮಗು. ಆ ಮ್ಯಾಟ್ರಿಮೊನಿ ತಾಣದಿಂದ ಮಾತ್ರ ವಾರಕ್ಕೆ ಐದಾರು ಗಂಡುಗಳ ವಿವರ ಬರುತ್ತಲೇ ಇತ್ತು. ಸುಮ್ನೆ ಅನ್‌ಸಬ್‌ಸ್ಕ್ರೈಬ್ ಒತ್ತಿ ಮುಗಿಸಬಹುದಿತ್ತು. ಒಂದು ಮೇಲ್ ತೆರೆದು ನೋಡಿದಾಗ ಗೊತ್ತಾಯಿತು, ಅವಳ ಪ್ರೊಫೈಲ್ ಇನ್ನೂ ಹಾಗೇ ಇದೆ. ಫೋಟೋ, ಊರು, ಜಾತಿ, ಸಂಬಳ, ಎಲ್ಲ. ಇದು ಮೇಲ್ ನಿಲ್ಲಿಸಿದರೆ ಮುಗಿಯುವ ವಿಷಯವಲ್ಲ. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಹೊಸ ಪಾಸ್‌ವರ್ಡ್‌ಗೆ ಕೇಳಿದರೆ ಅದರ ಲಿಂಕ್ ಬರುವುದು ನನ್ನ ಇನ್‌ಬಾಕ್ಸ್‌ಗೇ. ಅದು ತುಂಬಿದ್ದಾಗ ಈ ಕೆಲಸವೂ ಆಗುತ್ತಿರಲಿಲ್ಲ ನೋಡಿ. ಅವಳನ್ನು ಫೋನಿನಲ್ಲೇ ಇಟ್ಟುಕೊಂಡು ಒಳಗೆ ಹೋಗಿ, ಪ್ರೊಫೈಲ್ ಪೂರ್ತಿ ಅಳಿಸಿ, ಅಳಿಸಿದ್ದಕ್ಕೆ ಬಂದ ಮೇಲ್ ಅವಳಿಗೂ ಕಳಿಸಿದೆ. "ಅತ್ತಿಗೆ, ಇಷ್ಟು ವರ್ಷ ಇದು ಇತ್ತಾ?" ಅಂದಳು. ನನಗೆ ನಾಚಿಕೆ ಅನಿಸಿತು. ಹಾಕಿದವಳು ನಾನು, ತೆಗೆಯಬೇಕಾದವಳೂ ನಾನೇ ಆಗಿದ್ದೆ.

ಇದಾದ ಮೇಲೆ ನನ್ನ ಕೆಲಸದ ರೀತಿಯೇ ಬದಲಾಯಿತು. ಯಾವ ತಾರೀಕಿನದ್ದು ಅಂತ ನೋಡುವುದು ಬಿಟ್ಟು, ಇದು ಯಾರದ್ದು ಅಂತ ನೋಡತೊಡಗಿದೆ. ಇದು ಮಾವನವರದ್ದು, ಇದು ಇವರದ್ದು, ಇದು ಶಾಲೆಯದ್ದು, ಇದು ಯಾರದ್ದೂ ಅಲ್ಲ.

ಯಾರದ್ದೂ ಅಲ್ಲದ್ದು ಎಷ್ಟಿತ್ತು ಅಂತ ಆವರೆಗೂ ಗೊತ್ತಿರಲಿಲ್ಲ, ಯಾಕಂದರೆ ಫೋನಿನ ಆ್ಯಪ್‌ನಲ್ಲಿ 99ರ ಮುಂದೆ ಒಂದು ಪ್ಲಸ್ ಇರುತ್ತೆ ಅಷ್ಟೇ. ಮಗ ಹೇಳಿಕೊಟ್ಟ ಹಾಗೆ ಕ್ರೋಮ್‌ನಲ್ಲಿ ಜೀಮೇಲ್ ತೆರೆದು, ಮೂರು ಚುಕ್ಕಿ ಒತ್ತಿ "ಡೆಸ್ಕ್‌ಟಾಪ್ ಸೈಟ್" ಗೆ ಟಿಕ್ ಹಾಕಿದಾಗ ಕಂಪ್ಯೂಟರಿನಲ್ಲಿ ಕಾಣುವ ಹಾಗೆ ಪುಟ ಬಂತು. ಓದದ ಮೇಲ್: 18,642. ಬಸ್ಸಿನಲ್ಲಿ ಪಕ್ಕ ಕೂತಿದ್ದ ಗೆಳತಿಗೆ ತೋರಿಸಿದೆ. ಅವಳು ತನ್ನದೂ ತೆಗೆದು ನೋಡಿದಳು. ಅವಳದ್ದು 31 ಸಾವಿರ.

ಆ್ಯಪ್‌ನಲ್ಲಿ ಒಂದು ಸಲಕ್ಕೆ ಪರದೆಗೆ ಬಂದ ಐವತ್ತರಷ್ಟನ್ನು ಆರಿಸಬಹುದು. ಡೆಸ್ಕ್‌ಟಾಪ್ ಪುಟದಲ್ಲಿ ಹಾಗಲ್ಲ. ಹುಡುಕುವ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಕ್ಯಾಟಗರಿ, ಕೋಲನ್, ಪ್ರಮೋಷನ್ಸ್ ಅಂತ ಬರೆದರೆ ಜಾಹೀರಾತುಗಳೆಲ್ಲ ಬರುತ್ತವೆ. ಮೇಲಿನ ಚಿಕ್ಕ ಚೌಕಕ್ಕೆ ಟಿಕ್ ಹಾಕಿದರೆ ಆ ಪುಟದ ಐವತ್ತು ಆಯ್ಕೆಯಾಗುತ್ತೆ, ಅದರ ಮೇಲೆ ಒಂದು ಸಾಲು ಬರುತ್ತೆ, "ಈ ಹುಡುಕಾಟಕ್ಕೆ ಸಿಕ್ಕ ಎಲ್ಲವನ್ನೂ ಆರಿಸಿ" ಅಂತ. ಅದನ್ನು ಒತ್ತಿದರೆ ಹತ್ತು ಸಾವಿರವಿದ್ದರೂ ಒಟ್ಟಿಗೇ. ಫೋನಿನಲ್ಲಿ ಅಕ್ಷರಗಳು ಇರುವೆಯಷ್ಟು ಚಿಕ್ಕದು. ಫೋನ್ ಅಡ್ಡ ತಿರುಗಿಸಿ, ಎರಡು ಬೆರಳಲ್ಲಿ ಹಿಗ್ಗಿಸಿ, ಆ ಚೌಕವನ್ನು ಹಿಡಿಯಬೇಕು. ಬಸ್ಸು ಕುಲುಕಿದರೆ ಬೇರೆ ಏನೋ ಒತ್ತಿಹೋಗುತ್ತೆ. ಹಾಗಾಗಿ ಈ ಒಂದು ಕೆಲಸ ಮಾತ್ರ ಬಸ್ಸಿನಲ್ಲಿ ಬೇಡ, ಮನೆಯಲ್ಲಿ ಮೇಜಿನ ಮೇಲೆ ಫೋನ್ ಇಟ್ಟು ಮಾಡಿ.

ಆದರೆ ಅಳಿಸುವ ಮುಂಚೆ ಒಂದು ವಾರ ತಡೆದೆ. ನಮ್ಮ ಕಡೆ ಕೆರೆ ಹೂಳು ತೆಗೆಯುತ್ತಾರಲ್ಲ, ನೀರು ಬರುವ ಹಳ್ಳದಲ್ಲಿ ಮಣ್ಣು ಕೊಚ್ಚಿ ಬರುವುದನ್ನು ತಡೆಯದಿದ್ದರೆ ನಾಲ್ಕು ಮಳೆಗೆ ಕೆರೆ ಮತ್ತೆ ಅಷ್ಟೇ. ಆ್ಯಪ್‌ನ ಎಡಗಡೆ ಮೂರು ಗೆರೆ ಒತ್ತಿದರೆ 2025ರ ಜುಲೈಯಿಂದ ಈಚೆಗೆ "ಮ್ಯಾನೇಜ್ ಸಬ್‌ಸ್ಕ್ರಿಪ್ಶನ್ಸ್" ಅಂತ ಒಂದು ಬಂದಿದೆ. ಯಾರು ಜಾಸ್ತಿ ಮೇಲ್ ಕಳಿಸುತ್ತಿದ್ದಾರೆ ಅಂತ ಸಾಲಾಗಿ ತೋರಿಸುತ್ತೆ, ಪಕ್ಕದಲ್ಲೇ ನಿಲ್ಲಿಸುವ ಗುಂಡಿ. ದಿನಕ್ಕೆ ಹದಿನೈದು ಇಪ್ಪತ್ತರ ಹಾಗೆ ಬಸ್ಸಿನಲ್ಲಿ ನಿಲ್ಲಿಸುತ್ತಾ ಬಂದೆ. ಒಟ್ಟು 140 ಚಿಲ್ಲರೆ. ಎಲ್ಲೋ ಒಂದು ಸಲ ಚಪ್ಪಲಿ ತಗೊಂಡಾಗ ಬಿಲ್ಲಿಗೆ ಅಂತ ಕೊಟ್ಟ ಐಡಿ, ಒಂದು ಹೋಟೆಲಿನಲ್ಲಿ ವೈಫೈಗೆ ಕೊಟ್ಟಿದ್ದು, ಇವರು ಕೆಲಸ ಬದಲಿಸುವಾಗ ಹಾಕಿದ ನಾಲ್ಕು ತಾಣಗಳು. ಪ್ರತಿಯೊಂದನ್ನೂ ನಾವೇ ಕೊಟ್ಟಿದ್ದು. 2024ರಿಂದ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರು ಒಂದೇ ಒತ್ತಿಗೆ ನಿಲ್ಲಿಸುವ ಅವಕಾಶ ಕೊಡಬೇಕು, ಎರಡು ದಿನದೊಳಗೆ ನಿಲ್ಲಿಸಬೇಕು ಅನ್ನುವ ನಿಯಮವನ್ನು ಜೀಮೇಲ್ ತಂದಿದೆ. ನಿಜವಾಗಿಯೂ ಹೆಚ್ಚಿನವು ನಿಂತವು. ಒಂದು ಎಚ್ಚರಿಕೆ ಮಾತ್ರ: ಲಾಟರಿ ಬಂದಿದೆ, ಕೆವೈಸಿ ನಿಂತಿದೆ ಅನ್ನುವ ಗುರುತಿಲ್ಲದ ಮೇಲ್‌ಗಳ ಒಳಗೆ ಇರುವ ಅನ್‌ಸಬ್‌ಸ್ಕ್ರೈಬ್ ಲಿಂಕ್ ಮುಟ್ಟಬೇಡಿ. ಮುಟ್ಟಿದರೆ ಈ ವಿಳಾಸದಲ್ಲಿ ಜನ ಇದ್ದಾರೆ ಅಂತ ಅವರಿಗೆ ತಿಳಿಯುತ್ತೆ. ಅವನ್ನು ಸ್ಪ್ಯಾಮ್ ಅಂತ ರಿಪೋರ್ಟ್ ಮಾಡಿ ಬಿಟ್ಟುಬಿಡಿ.

ಮುಂದಿನ ಭಾನುವಾರ ಸುಮಾರು 11,000 ಜಾಹೀರಾತು ಮೇಲ್ ಒಟ್ಟಿಗೆ ತೆಗೆದೆ. ಕೆಲವು ನಿಮಿಷ ಪುಟ ತಿರುಗುತ್ತಾ ಇತ್ತು, ಆಮೇಲೆ ಖಾಲಿ. ಅಷ್ಟು ಹಗುರ ಅನಿಸಿದ್ದು ಬಹಳ ದಿನದ ಮೇಲೆ.

ಆ ಉಮೇದಿನಲ್ಲೇ ಒಂದು ತಪ್ಪು ಮಾಡಿದೆ. ಇನ್ನೂ ಉಳಿದ ಜಾಹೀರಾತು ಹುಡುಕಲು ಇಂಗ್ಲಿಷಿನಲ್ಲಿ ಆಫರ್ ಅಂತ ಬರೆದು, ಬಂದದ್ದನ್ನೆಲ್ಲ ಒಟ್ಟಿಗೆ ಅಳಿಸಿದೆ. ಮೇಲಿನ ಒಂದು ಪುಟ ನೋಡಿದ್ದೆ, ಎಲ್ಲ ಬಟ್ಟೆ, ಫೋನು, ರಿಯಾಯಿತಿ. ಕೆಳಗೆ ಹೋಗಿ ನೋಡಲಿಲ್ಲ. ಹತ್ತೊಂಬತ್ತು ದಿನ ಆದ ಮೇಲೆ ಇವರು ಕೇಳಿದರು, "ನನ್ನ ಹಳೇ ಕಂಪನಿ ಆಫರ್ ಲೆಟರ್ ನಿನ್ನ ಮೇಲ್‌ನಲ್ಲಿತ್ತಲ್ಲ, ತೆಗೆದುಕೊಡು. ಪಿಎಫ್‌ನಲ್ಲಿ ಸೇರಿದ ತಾರೀಕು ತಪ್ಪಾಗಿದೆ, ಸರಿ ಮಾಡಿಸಬೇಕು." ಆಫರ್ ಅಂದ ತಕ್ಷಣ ನನಗೆ ಗೊತ್ತಾಯಿತು. ಕೈಯಲ್ಲಿದ್ದ ಸೌಟು ಹಾಗೇ ಇಟ್ಟು ಫೋನ್ ಹಿಡಿದೆ.

ಪುಣ್ಯಕ್ಕೆ ಟ್ರ್ಯಾಶ್ ಖಾಲಿ ಮಾಡಿರಲಿಲ್ಲ. ಮೊದಲು ಮಾಡುತ್ತಿದ್ದೆ, ಜಾಗ ಬೇಕಿತ್ತು. ಜಾಗ ಆದ ಮೇಲೆ ನಿಲ್ಲಿಸಿದ್ದೆ. ನಮ್ಮ ಅತ್ತೆ ರದ್ದಿ ಪೇಪರ್ ಮಾರುವ ಮುಂಚೆ ಕಟ್ಟನ್ನು ನಾಲ್ಕು ದಿನ ಜಗಲಿಯಲ್ಲಿಟ್ಟು, ಇನ್ನೊಂದು ಸಲ ತಿರುವಿ ಹಾಕಿಯೇ ಕೊಡುವುದು. ಒಂದು ಸಲ ಅದರಲ್ಲಿ ಮನೆ ಕಂದಾಯದ ರಸೀದಿ ಸಿಕ್ಕಿತ್ತು. ಅದನ್ನು ನೋಡಿ ನೋಡಿ ನನಗೂ ಆ ಅಭ್ಯಾಸ. ಟ್ರ್ಯಾಶ್‌ನಲ್ಲಿ ಕಂಪನಿಯ ಹೆಸರು ಹಾಕಿ ಹುಡುಕಿದೆ, 2014ರ ಲೆಟರ್ ಸಿಕ್ಕಿತು. ಮತ್ತೆ ಇನ್‌ಬಾಕ್ಸ್‌ಗೆ ತಂದು, ಅವತ್ತೇ ಅವರಿಗೆ ಬೇರೆ ಐಡಿ ಮಾಡಿಸಿ ಅದಕ್ಕೆ ಕಳಿಸಿದೆ. ಇನ್ನು ಹನ್ನೊಂದು ದಿನ ತಡವಾಗಿದ್ದರೆ ಸಿಗುತ್ತಿರಲಿಲ್ಲ. ಆಮೇಲಿಂದ ಬರೀ ಒಂದು ಪದ ಹಾಕಿ ಹುಡುಕಿ ಅಳಿಸುವುದನ್ನು ಬಿಟ್ಟೆ. ಕಳಿಸಿದವರ ಹೆಸರು ಹಾಕಿಯೇ ಹುಡುಕುವುದು, ಕೊನೆಯ ಪುಟದವರೆಗೆ ಒಮ್ಮೆ ಕಣ್ಣಾಡಿಸುವುದು.

ಸೆಂಟ್ ಮೇಲ್, ಅಂದರೆ ನಾವೇ ಕಳಿಸಿದ ಮೇಲ್‌ಗಳ ಕಡೆ ಯಾರೂ ನೋಡಲ್ಲ, ನಾನೂ ನೋಡಿರಲಿಲ್ಲ. ಅಲ್ಲಿ ಕಂಡದ್ದು ನನ್ನನ್ನು ನಿಜಕ್ಕೂ ಹೆದರಿಸಿತು. ಪ್ರಿಂಟ್ ತೆಗೆಸಲು ಝೆರಾಕ್ಸ್ ಅಂಗಡಿಗಳಿಗೆ ಕಳಿಸಿದ ಮೇಲ್‌ಗಳು. ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಮಗನ ಮಾರ್ಕ್ಸ್ ಕಾರ್ಡ್, ಮಾವನವರ ಸಹಿ ಇರುವ ಕಾಗದ. ನಲವತ್ತಕ್ಕೂ ಜಾಸ್ತಿ, ಹತ್ತು ವರ್ಷದಲ್ಲಿ ಏಳೆಂಟು ಅಂಗಡಿಗೆ. ನನ್ನ ಕಡೆ ಅಳಿಸಿದರೆ ಅವರ ಕಡೆ ಹೋಗಲ್ಲ. ಪರಿಚಯದ ಎರಡು ಅಂಗಡಿಗೆ ಹೋಗಿ ಎದುರಿಗೇ ಅಳಿಸಿಸಿದೆ. ಇಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ, "ಹೇಳಿದ್ದು ಒಳ್ಳೇದಾಯ್ತು ಮೇಡಂ" ಅಂದರು. ಉಳಿದವು ಎಲ್ಲಿವೆಯೋ. ಈಗ ಪ್ರಿಂಟ್ ಬೇಕಾದರೆ ಪೆನ್‌ಡ್ರೈವ್ ಕೊಟ್ಟು ತೆಗೆಸುತ್ತೇನೆ. ಆಧಾರ್ ನಂಬರು ಪೂರ್ತಿ ಬೇಡದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡುತ್ತೇನೆ.

ಕೊನೆಗೆ ಉಳಿದದ್ದು, ನಾನು ಬೇಕಂತಲೇ ಮುಂದೂಡುತ್ತಾ ಬಂದಿದ್ದು, 2020 ಮತ್ತು 2021ರ ಮೇಲ್‌ಗಳು.

ಕೊರೊನಾದಲ್ಲಿ ಶಾಲೆ ಮುಚ್ಚಿತ್ತಲ್ಲ. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಶುರುವಾಗಿ, ದೇವಸ್ಥಾನದ ಕಟ್ಟೆ, ಮರದ ಕೆಳಗೆ ಪಾಠ ಮಾಡಿದೆವು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ನಾನು ಎಂಟನೇ ತರಗತಿಗೆ ಕನ್ನಡ. ಮಕ್ಕಳು ಬರೆಯುವುದನ್ನು ಬಿಡಬಾರದು ಅಂತ, ಮನೆಯಲ್ಲಿ ಬರೆದು ಫೋಟೋ ತೆಗೆದು ಕಳಿಸಿ ಅಂದಿದ್ದೆ. ನನ್ನ ವಾಟ್ಸಾಪ್ ಎರಡೇ ದಿನಕ್ಕೆ ತುಂಬಿ ಫೋನ್ ನಿಂತುಹೋಗುತ್ತಿತ್ತು, ಹಾಗಾಗಿ ಮೇಲ್ ಮಾಡಿ ಅಂದೆ. ಅವರ ಅಪ್ಪನದೋ ಅಣ್ಣನದೋ ಫೋನಿನಿಂದ ಕಳಿಸಿದರು. ಮುನ್ನೂರರಷ್ಟು ಮೇಲ್, ಒಂದೊಂದರಲ್ಲಿ ಎರಡು ಮೂರು ಫೋಟೋ. ಒಟ್ಟು ಒಂದೂವರೆ ಜಿಬಿ.

ವಿಷಯದ ಜಾಗದಲ್ಲಿ ಏನೂ ಇಲ್ಲ, ಅಥವಾ "ಟೀಚರ್" ಅಂತ ಒಂದೇ ಪದ. ಫೋಟೋಗಳಲ್ಲಿ ಪುಟಕ್ಕಿಂತ ಸುತ್ತಲಿನದ್ದೇ ಜಾಸ್ತಿ. ಪುಸ್ತಕ ಹಾಸಿದ ಚಾಪೆ, ಅಂಚಿನಲ್ಲಿ ಒಂದು ಕರು, ಒಲೆಯ ಮುಂದೆ ಬಿಸಿಲು ಬಿದ್ದ ನೆಲ, ಮೆಕ್ಕೆಜೋಳದ ರಾಶಿಯ ಮೇಲೆ ಇಟ್ಟ ನೋಟ್‌ಬುಕ್. ನಾನು ಆಗ ಅಕ್ಷರ ತಪ್ಪು ಮಾತ್ರ ನೋಡಿ ಉತ್ತರ ಬರೆದಿದ್ದೆ. ಒತ್ತಕ್ಷರ ನೋಡು, ಮತ್ತೆ ಬರೆ, ಅಂತ. ಈಗ ಬಸ್ಸಿನಲ್ಲಿ ಕೂತು ಅದೇ ಫೋಟೋ ನೋಡುವಾಗ ಇಳಿಯುವ ಸ್ಟಾಪ್ ಎರಡು ಸಲ ತಪ್ಪಿತು.

ಎಲ್ಲ ಇಟ್ಟುಕೊಳ್ಳಲು ಆಗಲ್ಲ, ಎಲ್ಲ ಅಳಿಸಲು ಮನಸ್ಸಿಲ್ಲ. ನಲವತ್ತಮೂರು ಮಕ್ಕಳಿದ್ದರು. ಒಬ್ಬೊಬ್ಬರದ್ದು ಒಂದೊಂದು ಇಟ್ಟುಕೊಳ್ಳೋಣ ಅಂತ ಮಾಡಿದೆ. ಯಾವುದು ಅಂತ ಆರಿಸಲು ಎಲ್ಲವನ್ನೂ ಓದಬೇಕಾಯಿತು. ಇಡೀ ಇನ್‌ಬಾಕ್ಸ್‌ಗೆ ಹಿಡಿದದ್ದು ಎರಡು ತಿಂಗಳಾದರೆ, ಅದರಲ್ಲಿ ಮೂರು ವಾರ ಈ ಮುನ್ನೂರಕ್ಕೇ. ಅಳಿಸುವುದಕ್ಕೆ ಮುಂಚೆ ನಾದಿನಿಗೆ ಕೇಳಿದ ಹಾಗೆ ಈ ಮಕ್ಕಳನ್ನೂ ಕೇಳಬೇಕಲ್ವಾ ಅನಿಸಿತು. ನಂಬರ್ ಇದ್ದ ಹದಿನೇಳು ಮಕ್ಕಳಿಗೆ ಅವರವರ ಪುಟ ಕಳಿಸಿದೆ.

ಸ್ಟೋರೇಜ್ ಈಗ 7.8 ಜಿಬಿ. ಮಗನಿಗೆ, ಇವರಿಗೆ ಅವರವರದ್ದೇ ಐಡಿ ಆಗಿದೆ. ಕಾಲೇಜಿನಲ್ಲಿ ಮಗನ ಐಡಿಯೇ ಕೊಟ್ಟು ಬಂದಿದ್ದಾನೆ. ಮಾವನವರದ್ದು ಅತ್ತೆಯವರದ್ದು ನನ್ನಲ್ಲೇ ಇರಲಿ ಅಂತ ಇಟ್ಟುಕೊಂಡಿದ್ದೇನೆ, ಒಂದು ಲೇಬಲ್ ಮಾಡಿ. ಮೇಲ್ ಬಂದ ಕೂಡಲೇ ತಾನೇ ಆ ಲೇಬಲ್‌ಗೆ ಹೋಗುವ ಫಿಲ್ಟರ್ ಫೋನಿನ ಆ್ಯಪ್‌ನಲ್ಲಿ ಮಾಡಲು ಆಗಲ್ಲ, ಅದಕ್ಕೂ ಕ್ರೋಮ್‌ನ ಡೆಸ್ಕ್‌ಟಾಪ್ ಪುಟವೇ ಬೇಕು.

ಮಕ್ಕಳಲ್ಲಿ ಒಂಬತ್ತು ಜನ ಉತ್ತರ ಬರೆದರು. ಒಬ್ಬಳು ಈಗ ಡಿಗ್ರಿ ಮೊದಲ ವರ್ಷ. ಅವಳ ಪುಟ "ನಮ್ಮೂರಿನ ಮಳೆ" ಅಂತ ಒಂದು ಪ್ರಬಂಧ. ಗಾಳಿಗೆ ಹಾಳೆ ಹಾರದ ಹಾಗೆ ಮೂಲೆಯಲ್ಲಿ ಹಸಿರು ಬಳೆಯ ಒಂದು ಕೈ ಒತ್ತಿ ಹಿಡಿದಿದೆ. ರಾತ್ರಿ ಹತ್ತಕ್ಕೆ ಅವಳ ಸಂದೇಶ ಬಂತು. "ಟೀಚರ್, ಅದು ನಮ್ಮಜ್ಜಿ ಕೈ. ವಾಟ್ಸಾಪ್‌ನಲ್ಲಿ ಮಸುಕಾಗಿದೆ, ಮೇಲ್‌ನಲ್ಲಿ ಇರೋದೇ ಕಳಿಸ್ತೀರಾ?" ತನ್ನ ಮೇಲ್ ಐಡಿಯನ್ನೂ ಬರೆದಿದ್ದಳು. ಕೂಡಲೇ ಕಳಿಸಿದೆ. ಐದು ನಿಮಿಷ ಫೋನ್ ಕೈಲೇ ಹಿಡಿದುಕೊಂಡು ಕಾದೆ. ವಾಪಸ್ ಬರಲಿಲ್ಲ, ಹೋಯಿತು.